ಕೊಟ್ಟಿಗೆಯ ಫಿಯಟ್ಟನ್ನು ನೋಡುವ ಬಗೆ

ಹಳೆಯ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ, ಕೊಟ್ಟಿಗೆಗೆ ತಾಗಿದ ಮಾಡಿನ ಕೆಳಗೆ ಹದಿನೆಂಟು ಮಳೆಗಾಲ ಕಳೆದಿದ್ದ ಫಿಯಟ್ 1100 ಡಿಲೈಟ್ ನಿಂತಿತ್ತು. ಬಾನೆಟ್ಟಿಗೆ ಕೈ ಹಾಕಿದ್ದೆ. ಜೊತೆಗೆ ಬಂದಿದ್ದ ಟಿಂಕರಿಂಗ್ ಮೇಸ್ತ್ರಿ ತಡೆದರು. "ಅದು ಎಲ್ಲಿಗೂ ಓಡಿಹೋಗಲ್ಲ ಸ್ವಾಮಿ. ಮೊದಲು ಮಂಡಿ ಊರಿ ಕೆಳಗೆ ನೋಡಿ" ಅಂದರು. ಸಗಣಿ ಸಾರಿಸಿದ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿ ಟಾರ್ಚು ಬಿಟ್ಟೆ. ಕಾರು ನೋಡುವುದನ್ನು ನಾನು ಕಲಿಯಲು ಶುರುಮಾಡಿದ್ದು ಆವತ್ತು.

ನಿಂತುಹೋದ ಕಾರಿನ ಬೆಲೆ ಇರುವುದು ಮತ್ತೆ ಸಿಗದ ಭಾಗಗಳಲ್ಲಿ. ಓಡುವ ಭಾಗಗಳು ಹೇಗೋ ಸಿಗುತ್ತವೆ. ಫಿಯಟ್ಟನ್ನೇ ತೆಗೆದುಕೊಳ್ಳಿ. 1964ರ ಹೊತ್ತಿಗೆ ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1100 ಡಿ ಎಂದು ಹೊರಬಂದ ಮೈಕಟ್ಟು, ಡಿಲೈಟ್, ಪ್ರೆಸಿಡೆಂಟ್, ಪದ್ಮಿನಿ ಎಂದು ಹೆಸರು ಬದಲಿಸಿಕೊಳ್ಳುತ್ತಾ 2000ದ ಆಸುಪಾಸಿನವರೆಗೂ ನಡೆದುಬಂತು. ಒಳಗಿನ 1089 ಸಿಸಿ ಪೆಟ್ರೋಲ್ ಎಂಜಿನ್ನಿನ ವಂಶವೂ ಬದಲಾಗಲಿಲ್ಲ. ಮೂರೂವರೆ ದಶಕ ಒಂದೇ ಬಗೆಯ ಎಂಜಿನ್ ತಯಾರಾದ ಮೇಲೆ ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟುಗಳಿಗೆ ಪರದಾಡಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದರೆ, ಶಿವಾಜಿನಗರದ ಗುಜರಿಯಲ್ಲಿ ಒಂದು ಬೆಳಿಗ್ಗೆ ಕಳೆದರೆ, ಅರ್ಧ ಎಂಜಿನ್ ಕೈಸೇರುತ್ತದೆ. ಆದರೆ ಡಿಲೈಟಿನ ಮುಂದಿನ ಗ್ರಿಲ್ಲು ಅದೇ ಬೆಳಿಗ್ಗೆ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಮೊದಲು ತಗಡು. ಫಿಯಟ್ಟಿಗೂ ಅಂಬಾಸಿಡರಿಗೂ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ನೆಲ, ಹೊಸ್ತಿಲು, ಕಂಬ, ಮಾಡು ಎಲ್ಲ ಸೇರಿ ಬೆಸೆದ ಪೆಟ್ಟಿಗೆಯೇ ಕಾರಿನ ಎಲುಬು. ಹಾಗಾಗಿ ತಗಡು ತಿಂದುಹೋಯಿತೆಂದರೆ ಅಂದ ಮಾತ್ರವಲ್ಲ, ಕಾರೇ ಹೋಯಿತು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಬೇರೆ ಜಾತಿ. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಮೇಲಿನ ಮೈಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಲಾಗಿದೆ. ಹೆರಾಲ್ಡಿನ ಮಡ್‌ಗಾರ್ಡು ಹೋಗಿದ್ದರೆ ಗಾಬರಿ ಬೇಡ, ಚಾಸಿ ಹೋಗಿದ್ದರೆ ಕೈಮುಗಿದು ಬನ್ನಿ.

ಫಿಯಟ್ಟಿನಲ್ಲಿ ನೀರು ನಿಲ್ಲುವ ಜಾಗಗಳನ್ನು ಹುಡುಕಬೇಕು. ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎಂದು ಕರೆಯುವ, ಬಾಗಿಲ ಕೆಳಗಿನ ಹೊಸ್ತಿಲನ್ನು ಹೆಬ್ಬೆರಳಿನಿಂದ ಒತ್ತುತ್ತಾ ಉದ್ದಕ್ಕೂ ಹೋಗಿ. ಮ್ಯಾಟ್ ಎತ್ತಿ ಕಾಲಿಡುವ ನೆಲ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರಡಿಯ ಗುಂಡಿ ನೋಡಿ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ನೋಡಿ, ಆಸಿಡ್ ಸುರಿದ ಕಡೆ ತಗಡು ಬೇಗ ಸಾಯುತ್ತದೆ. ಹಿಂದಿನ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ಮೈಗೆ ಸೇರುವ ಕಡೆ ನೋಡಿ. ಆ ಜಾಗ ಒಂದೇ ಪೂರ್ತಿ ಕೊಳೆತಿದ್ದರೂ ನಾನು ಬೇಡ ಅನ್ನುತ್ತೇನೆ.

ತುಕ್ಕಿನಲ್ಲೂ ಎರಡು ಬಗೆ. ಕೈಯಾಡಿಸಿದರೆ ಕುಂಕುಮದಂತೆ ಪುಡಿ ಹತ್ತುವುದು ಮೇಲ್ಮೈಯ ತುಕ್ಕು. ಅದನ್ನು ಉಜ್ಜಿ ತೆಗೆದರೆ ಒಳಗೆ ಗಟ್ಟಿ ಲೋಹ ಇರುತ್ತದೆ. ನೋಡಲು ಭೀಕರ, ನಿಜದಲ್ಲಿ ಅಷ್ಟೇನಿಲ್ಲ. ಪದರು ಪದರಾಗಿ ಎದ್ದು, ಒತ್ತಿದರೆ ಹಪ್ಪಳದಂತೆ ಮುರಿಯುವುದು ಇನ್ನೊಂದು. ಅಲ್ಲಿ ಉಜ್ಜಲು ಏನೂ ಉಳಿದಿಲ್ಲ, ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಹೊಸಬರು ಮೊದಲನೆಯದಕ್ಕೆ ಹೆದರಿ ಒಳ್ಳೆಯ ಕಾರು ಬಿಡುತ್ತಾರೆ. ಎರಡನೆಯದು ಬಣ್ಣದಡಿ ಮುಚ್ಚಿಕೊಂಡಿದ್ದರೆ ನಂಬಿ ಕೊಳ್ಳುತ್ತಾರೆ.

ಬಣ್ಣದಡಿ ಏನಿದೆ ಎಂದು ತಿಳಿಯಲು ಒಂದು ಸಣ್ಣ ಆಯಸ್ಕಾಂತ ಸಾಕು. ಗೀರು ಬೀಳದಂತೆ ಪಂಚೆಯ ತುಂಡಿನಲ್ಲಿ ಸುತ್ತಿ ಮೈಮೇಲೆ ಆಡಿಸಿ. ತಗಡಿದ್ದಲ್ಲಿ ಎಳೆಯುತ್ತದೆ, ದಪ್ಪ ಪುಟ್ಟಿ ಮೆತ್ತಿದ್ದಲ್ಲಿ ಜಾರುತ್ತದೆ. ಬೆರಳಗಂಟಿನಿಂದ ಬಡಿದರೂ ಗೊತ್ತಾಗುತ್ತದೆ: ಬರೀ ತಗಡು ಗಣಗಣ ಅನ್ನುತ್ತದೆ, ಪುಟ್ಟಿ ಮಂಕಾಗಿ ದಬ್ ಅನ್ನುತ್ತದೆ. ಹಲಸಿನಹಣ್ಣು ಬಡಿದು ನೋಡಿ ಬೆಳೆದ ಕೈಗೆ ಇದೇನೂ ಹೊಸ ವಿದ್ಯೆಯಲ್ಲ.

ಆಮೇಲೆ ಬಾಗಿಲು. ಅರ್ಧ ತೆರೆದು ಹಿಡಿಯ ಕಡೆಯಿಂದ ಮೆಲ್ಲಗೆ ಮೇಲೆತ್ತಿ. ಅಲುಗಾಡಿದರೆ ಕೀಲು ಸವೆದಿದೆ, ಅದು ಸಣ್ಣ ಕೆಲಸ. ಕೀಲು ಬಿಗಿಯಾಗಿದ್ದೂ ಬಾಗಿಲ ಸುತ್ತಲಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಬಾಯಿಬಿಟ್ಟಿದ್ದರೆ ಕಾರಿನ ನಡು ಕುಸಿದಿದೆ ಎಂದು ಅರ್ಥ. ಈ ಸಂದನ್ನು ಐದು ನಿಮಿಷ ಸುಮ್ಮನೆ ನಿಂತು ನೋಡುವ ತಾಳ್ಮೆ ಇದ್ದರೆ ಸಾಕು, ಮಾರುವವರು ಹೇಳದ ಎಷ್ಟೋ ಸಂಗತಿ ತಾನಾಗಿ ತಿಳಿಯುತ್ತದೆ.

ಕಾರು ಎಲ್ಲಿ ನಿಂತಿತ್ತು ಎಂಬುದನ್ನು ತಪ್ಪದೆ ಕೇಳಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಕುಡಿದ ಕಾರು ಒಳಗಿನಿಂದ ಕೊಳೆಯುತ್ತದೆ. ಮಲೆನಾಡಿನದಕ್ಕೆ ನೆಲದ ತೇವವೇ ಶತ್ರು. ಮೇಲ್ಭಾಗ ಚೆನ್ನಾಗಿದ್ದು ಹೊಟ್ಟೆ ಮಾತ್ರ ಹೋಗಿರುತ್ತದೆ, ವೈರುಗಳನ್ನು ಇಲಿ ಕಡಿದಿರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ನಿಂತ ಕಾರಿನ ಬಣ್ಣ ಬೂದಿಯಾಗಿ, ಬೀಡಿಂಗ್ ಒಡೆದು, ಸೀಟು ಹರಿದು, ನೋಡಿದರೆ ಅಯ್ಯೋ ಅನಿಸುತ್ತದೆ. ಆದರೆ ತಗಡು ಗಟ್ಟಿಯಾಗಿರುವ ಸಂಭವ ಹೆಚ್ಚು. ಆರಿಸಿಕೊಳ್ಳಿ ಅಂದರೆ ನಾನು ಕಣ್ಣು ಮುಚ್ಚಿ ಬಯಲುಸೀಮೆಯ ಕಾರನ್ನೇ ಆರಿಸುತ್ತೇನೆ. ರಬ್ಬರು, ರೆಕ್ಸಿನ್ನು ಹೊಸದಾಗಿ ಹಾಕಿಸಬಹುದು.

ಇದೆಲ್ಲಕ್ಕೂ ಹೊರತಾದ ಒಂದು ಕಾರು ನಮ್ಮ ಬೆಂಗಳೂರಿನದೇ. 1982ರಲ್ಲಿ ಬಂದ ಸಿಪಾನಿ ಡಾಲ್ಫಿನ್‌ನ ಮೈ ಫೈಬರ್‌ಗ್ಲಾಸಿನದು, ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಅದರ ಮೈಗೆ ತುಕ್ಕಿನ ಮಾತೇ ಇಲ್ಲ. ಮೈಯಲ್ಲಿ ಸೀಳು ಬಿಟ್ಟಿದೆಯೇ, ಒಳಗಿನ ಕಬ್ಬಿಣದ ಚಾಸಿ ಹೇಗಿದೆ ಎಂದು ನೋಡಬೇಕು. ಎಲ್ಲಾದರೂ ಮೂಲೆಯಲ್ಲಿ ಒಂದು ಬಿದ್ದಿರುವುದು ಕಂಡರೆ ನನಗಾಗಿ ಅಲ್ಲದಿದ್ದರೂ ನಮ್ಮ ಊರಿಗಾಗಿ ಬಿಡಬೇಡಿ. ಅದನ್ನು ಗುಜರಿಗೆ ಹಾಕಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಗಡಿನ ನಂತರ ಚಿಲ್ಲರೆ ಸಾಮಾನು. ಗ್ರಿಲ್ಲು, ದೀಪದ ಸುತ್ತಲಿನ ರಿಂಗು, ಹಬ್ ಕ್ಯಾಪು, ಬಾನೆಟ್ ಮೇಲಿನ ಬರಹ, ಮೀಟರು, ಸ್ಟಿಯರಿಂಗಿನ ಹಾರ್ನ್ ರಿಂಗು, ಬಾಗಿಲ ಹಿಡಿ, ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿಯ ಗುಂಡು. ಮುರಿದಿದ್ದರೂ ಚಿಂತೆಯಿಲ್ಲ, ಇರಬೇಕು. ಮುರಿದ ತುಂಡು ಕೈಯಲ್ಲಿದ್ದರೆ ಅದನ್ನು ನೋಡಿ ಇನ್ನೊಂದು ಮಾಡಿಸಬಹುದು, ಇಲ್ಲದ್ದನ್ನು ಯಾವುದನ್ನು ನೋಡಿ ಮಾಡಿಸುವುದು? ಇವೆಲ್ಲ ಇರುವ, ಓಡದ ಕಾರು ಇವೊಂದೂ ಇಲ್ಲದೆ ಓಡುವ ಕಾರಿಗಿಂತ ಹೆಚ್ಚು ಬೆಲೆಯದು. ಯಾವುದು ಮೂಲದ್ದು, ಯಾವುದು ನಡುವೆ ಸೇರಿಸಿದ್ದು ಎಂದು ತಿಳಿಯಲು ಕಣ್ಣು ಪಳಗಬೇಕು. ಅದಕ್ಕೆ ಧರ್ಮಸ್ಥಳದ ಕಾರು ಸಂಗ್ರಹ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯಗಳಲ್ಲಿ ಒಂದೊಂದು ದಿನ ಕಳೆಯಿರಿ. ಇಡೀ ಕಾರನ್ನು ನೋಡಿ ಮೆಚ್ಚುವುದು ಸುಲಭ. ಅಲ್ಲಿ ಸ್ಕ್ರೂ ಯಾವುದು, ಅಂಚು ಹೇಗೆ ಮಡಚಿದೆ ಎಂದು ನೋಡಿ.

ನನ್ನನ್ನು ಹೆಚ್ಚು ಸಲ ಮೋಸಗೊಳಿಸಿದ್ದು ಹಾಳಾದ ಕಾರುಗಳಲ್ಲ, ಅರ್ಧ ರಿಪೇರಿಯಾದವು. ಮೈಸೂರಿನಲ್ಲಿ ಒಂದು ಮಾರ್ಕ್ 2 ಅಂಬಾಸಿಡರ್ ನೋಡಿದ್ದೆ. ಯಾವುದೋ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿ, ದುಡ್ಡು ಮುಗಿದು ನಿಲ್ಲಿಸಿದ್ದರು. ಬಿಚ್ಚಿದ ಸಾಮಾನು ಮೂರು ಡಬ್ಬದಲ್ಲಿತ್ತು, ನಾಲ್ಕನೆಯ ಡಬ್ಬ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಹೊಳೆಯುವ ಹೊಸ್ತಿಲಿಗೆ ಆಯಸ್ಕಾಂತ ಹಿಡಿದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೂ ಅಂಟಲಿಲ್ಲ. ಯಾರೂ ಕೈಹಾಕದ ಧೂಳು ಹಿಡಿದ ಕಾರಿನಲ್ಲಿ ಏನು ಕೆಟ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಧೂಳಿಗೆ ನಾನು ದುಡ್ಡು ಕೊಡಲು ಸಿದ್ಧ.

ಕಾಗದಪತ್ರದ ವಿಷಯಕ್ಕೆ ಸಂಕೋಚ ಬೇಡ. ಆರ್.ಸಿ. ಬುಕ್ಕಿನಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಕಾರಿನ ಮೇಲಿನದಕ್ಕೆ ಹೊಂದಬೇಕು. ಡೀಸೆಲ್ ಆಸೆಗೆ ಎಂಜಿನ್ ಬದಲಿಸಿದ್ದರೆ ಅದು ಬುಕ್ಕಿನಲ್ಲಿ ದಾಖಲಾಗಿದೆಯೇ ನೋಡಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು, ಅದನ್ನು ಮುಂಗಡ ಕೊಡುವ ಮೊದಲೇ ಕೇಳಿ. ಎಂವೈ ಎಂದು ಶುರುವಾಗುವ, ಮೈಸೂರು ರಾಜ್ಯದ ಕಾಲದ ನಂಬರು ಇನ್ನೂ ಉಳಿದಿದ್ದರೆ ಅದೂ ಒಂದು ಆಸ್ತಿ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ಕಾರಿನಲ್ಲಿ ದಿನವೂ ಆಫೀಸಿಗೆ ಹೋಗುವಂತಿಲ್ಲ. ಚಾಸಿ, ಮೈ, ಎಂಜಿನ್ ಬದಲಿಸಿದ್ದರೆ ಈ ಅರ್ಹತೆಯೇ ಇಲ್ಲ. ಮೂಲದ್ದನ್ನು ಉಳಿಸಿಕೊಳ್ಳಿ ಎಂದು ನಾನು ಗೋಗರೆಯುವುದಕ್ಕೆ ಇದೂ ಒಂದು ಕಾರಣ.

ಈಗ ಬಾನೆಟ್ ಎತ್ತಿ. ಎಂಜಿನ್ ಜಾಮ್ ಆಗಿದೆ ಎಂದರೆ ಬೆಲೆ ಇಳಿಸಲು ಬಳಸಿಕೊಳ್ಳಿ, ಎದೆಗುಂದಬೇಡಿ. ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಲು ಮಾತ್ರ ಯಾರಿಗೂ ಬಿಡಬೇಡಿ. ನಾಲ್ಕೂ ಪ್ಲಗ್ಗು ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಒಂದೊಂದು ತೂತಿಗೆ ಎರಡು ಚಮಚ ಬಿಟ್ಟು ಎರಡು ದಿನ ಸುಮ್ಮನಿರಿ. ಆಮೇಲೆ ಟಾಪ್ ಗೇರಿನಲ್ಲಿಟ್ಟು ಕಾರನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ನೂಕಿ. ಫ್ಯಾನು ಒಂದಿಂಚು ಅಲುಗಿದರೂ ಹಬ್ಬ. ಆಯಿಲ್ ಕಡ್ಡಿಯಲ್ಲಿ ಮಜ್ಜಿಗೆಯಂಥ ಬಿಳುಪು ಕಂಡರೆ ನೀರು ಸೇರಿದೆ.

ಇಷ್ಟಾದ ಮೇಲೆ ಬೆಲೆ. ಪದ್ಮಿನಿಯಂಥ ಕಾರನ್ನು ಸರಿಯಾಗಿ ಎಬ್ಬಿಸಲು ಹಾಕುವ ದುಡ್ಡು ಅದನ್ನು ಮಾರಿದರೆ ಬರುವುದು ಕಷ್ಟ. ಲಾಭದ ಲೆಕ್ಕ ಇಟ್ಟುಕೊಂಡವರು ಇತ್ತ ಬರಬೇಡಿ. ಪರ್ಮಿಟ್ ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದ ಕಾರುಗಳಿವು, ಮದುವೆ, ಹೆರಿಗೆ, ಜಾತ್ರೆ ಎಲ್ಲಕ್ಕೂ ಓಡಿದವು. ನಿಮ್ಮ ಮನೆಯದೇ ಆಗಿದ್ದರೆ ನಾನು ಹೇಳಿದ ಲೆಕ್ಕದಲ್ಲಿ ಅರ್ಧ ಬಿಟ್ಟುಬಿಡಬಹುದು. ಬೇರೆಯವರದಾದರೆ ತಗಡಿನ ಕೆಲಸಕ್ಕೆ ಮೇಸ್ತ್ರಿ ಹೇಳುವ ಮೊತ್ತವನ್ನು ಮೊದಲು ಬರೆಸಿಕೊಂಡು, ಆಮೇಲೆ ಮಾರುವವರ ಮುಂದೆ ಬಾಯಿ ತೆರೆಯಿರಿ.

ತೀರ್ಥಹಳ್ಳಿಯ ಡಿಲೈಟಿನ ಹೊಟ್ಟೆ ಎಡಗಡೆ ಹೋಗಿತ್ತು, ಬಲಗಡೆ ಗಟ್ಟಿಯಿತ್ತು. ಪಾಟಾ ಕೂರುವ ಜಾಗ ಎರಡೂ ಕಡೆ ಭದ್ರ. ಗ್ರಿಲ್ಲು, ಮೀಟರು, ರಿಂಗು ಎಲ್ಲ ಇದ್ದವು, ಹಬ್ ಕ್ಯಾಪ್ ಮಾತ್ರ ಮೂರೇ. ಕಾರು ಲಾರಿಗೆ ಹತ್ತಿಸುವ ಮೊದಲು ಅದು ನಿಂತಿದ್ದ ನೆಲವನ್ನು ಕೈಯಿಂದ ಕೆದಕಿ, ಬಿದ್ದಿದ್ದ ಸ್ಕ್ರೂ, ಕ್ಲಿಪ್ಪುಗಳನ್ನು ಡಬ್ಬಕ್ಕೆ ತುಂಬಿದೆವು. ನೀವೂ ಇದನ್ನು ಮರೆಯಬೇಡಿ. ಮನೆಯ ಯಜಮಾನರು "ಅಷ್ಟೆಲ್ಲ ಎಂತಕ್ಕೆ ಮಾರಾಯ್ರೆ" ಎಂದು ನೋಡುತ್ತಾ ನಿಂತಿದ್ದರು. ಅವರ ತಾಯಿ ಹಿತ್ತಲಿಗೆ ಹೋಗಿ, ಕೋಳಿಗಳಿಗೆ ನೀರಿಡುತ್ತಿದ್ದ ತಟ್ಟೆಯನ್ನು ಬಾವಿಕಟ್ಟೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ತಂದುಕೊಟ್ಟರು. ನಾಲ್ಕನೆಯ ಹಬ್ ಕ್ಯಾಪ್.