ಮೂಕಜ್ಜಿಗೆ ಆ ಶಕ್ತಿ ಬೇಕಿತ್ತೇ?

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು. ಅವರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಮನೆಮನೆಯಲ್ಲೂ ಕೇಳಿದ ಹೆಸರು ಈ ಅಜ್ಜಿಯದು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಎಂಬತ್ತರ ಆಚೀಚೆ ಬದುಕಿರುವ ಮೂಕಜ್ಜಿ ದೇವರ ಮಾತನ್ನು ಅಳುಕಿಲ್ಲದೆ ಆಡುತ್ತಾಳೆ. ಮನುಷ್ಯ ತನಗೆ ಬೇಕಾದಂತೆ ದೇವರುಗಳನ್ನು ಮಾಡಿಕೊಂಡ, ಕಾಲ ತಿರುಗಿದಂತೆ ಅವರನ್ನೂ ತಿರುಗಿಸಿಕೊಂಡ ಎಂಬುದು ಅವಳ ತಿಳಿವಳಿಕೆ. ಹಾಗೆಂದು ಅವಳು ಶ್ರದ್ಧೆಯಿಲ್ಲದವಳಲ್ಲ. ಹುಟ್ಟು, ಗಂಡು ಹೆಣ್ಣಿನ ಕೂಡುವಿಕೆ, ಬಾಳು, ಸಾವು ಇವುಗಳ ಮುಂದೆ ಅವಳ ತಲೆ ತಾನಾಗಿ ಬಾಗುತ್ತದೆ.

ಇಷ್ಟೆಲ್ಲ ಒಪ್ಪಿಯೂ ನನಗೊಂದು ತಕರಾರಿದೆ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದರೆ ಸಾಕು, ಸಾವಿರಾರು ವರ್ಷ ಹಿಂದಿನದು ಅವಳ ಕಣ್ಣಿಗೆ ಕಟ್ಟುತ್ತದೆ. ಪವಾಡ ಬೇಡವೆನ್ನುವ ವಿಚಾರಕ್ಕೆ ಪವಾಡದ್ದೇ ಬಾಗಿಲೇಕೆ?

ಸಾಣಾಪುರದ ಕಡೆಯವರಿಗೆ ಈ ಪ್ರಶ್ನೆ ಇನ್ನಷ್ಟು ಕಾಡುತ್ತದೆ. ಇಲ್ಲಿನ ಗುಂಡುಗಲ್ಲುಗಳನ್ನು ವಾನರರು ಎಸೆದಾಡಿದರೆಂದು ಕಥೆ. ಕಲ್ಲಿನ ಕಥೆ ಅದಕ್ಕಿಂತ ದೊಡ್ಡದು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು ನೆಲದೊಳಗೇ ಬಿರುಕು ಬಿಟ್ಟು, ಸಂದಿಗಳಲ್ಲಿ ನೀರಿಳಿದು, ಮೂಲೆಗಳೆಲ್ಲ ಸವೆದು ದುಂಡಗಾಯಿತು. ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಉಳಿದವು. ಇದನ್ನು ತಿಳಿದ ಮೇಲೂ ಸಂಜೆಯ ಬೆಳಕಿನಲ್ಲಿ ಅವನ್ನು ನೋಡಿ ಕೈಮುಗಿಯಬೇಕೆನಿಸುತ್ತದೆ.

ನಮ್ಮ ಗಂಗಾವತಿ ಸೀಮೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ಪುಟ್ಟ ಮನೆಗಳಂಥ ಸಮಾಧಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಸತ್ತವರಿಗಾಗಿ ಅಷ್ಟು ಭಾರ ಹೊತ್ತ ಜನ ಎಂಥವರಿರಬೇಕೆಂದು ಊಹಿಸಲು ಯಾವ ದಿವ್ಯದೃಷ್ಟಿಯೂ ಬೇಡ. ಮನೆಯಲ್ಲೊಂದು ಸಾವು ಕಂಡವರಿಗೆ ಅದು ತಿಳಿಯುತ್ತದೆ.

ಹಾಗಾದರೆ ಕಾರಂತರು ಅಜ್ಜಿಗೆ ಆ ಶಕ್ತಿ ಕೊಟ್ಟದ್ದೇಕೆ? ಬರಿಯ ಮುದುಕಿಯ ಮಾತನ್ನು ಯಾರು ಕೇಳುತ್ತಾರೆ! ನಮ್ಮ ಓಣಿಗಳಲ್ಲೂ ಅಷ್ಟೇ. ದಿನವೆಲ್ಲ ಹೇಳಿದರೂ ಕಿವಿಗೆ ಹಾಕಿಕೊಳ್ಳದವರು, ಅದೇ ಹೆಂಗಸಿನ ಮೈಮೇಲೆ ದೇವಿ ಬಂದರೆ ಕೈಕಟ್ಟಿ ನಿಲ್ಲುತ್ತಾರೆ. ಕಾದಂಬರಿ ಈ ಅಭ್ಯಾಸವನ್ನು ಪ್ರಶ್ನಿಸದೆ ಬಳಸಿಕೊಂಡಿತು. ಅದರ ಕೊರತೆ ಅಲ್ಲಿದೆ.

ಅದರ ದೊಡ್ಡತನ ಇರುವುದು ನಾಗಿಯ ಪ್ರಸಂಗದಲ್ಲಿ. ಊರ ನಾಲಗೆಗೆ ಸಿಕ್ಕ ಆ ಹೆಣ್ಣನ್ನು ಅಜ್ಜಿ ಹತ್ತಿರ ಕರೆದು ಅವಳ ನೋವು ಕೇಳುತ್ತಾಳೆ. ಅಲ್ಲಿ ಅವಳಿಗೆ ನೆರವಾಗುವುದು ಬಾಳಿ ಕಂಡ ವಿವೇಕ. ಪಾಪ ಪುಣ್ಯದ ಲೆಕ್ಕವಿಲ್ಲ, ಪರಲೋಕದ ಆಸೆ ತೋರಿಸುವುದಿಲ್ಲ. ಇನ್ನೊಂದು ಜೀವ ನೊಂದಿದೆ, ಅಷ್ಟೇ ಸಾಕು.

ಪುಸ್ತಕ ಮತ್ತೆ ಓದುವವರು ಕನಸಿನ ಪುಟಗಳಲ್ಲಿ ಮೈಮರೆಯದೆ ನಾಗಿಯ ಪುಟಗಳಲ್ಲಿ ನಿಲ್ಲಲಿ. ದೈವದ ಶಕ್ತಿಯಿಲ್ಲದ ಶ್ರದ್ಧೆ ಹೇಗಿರುತ್ತದೆಂದು ಅಲ್ಲಿ ಕಾಣುತ್ತದೆ.