ಓರ್ನಾನ್‌ನ ಸಮಾಧಿಗುಂಡಿಯ ಬಳಿ

ಗುಸ್ತಾವ್ ಕೂರ್ಬೆ 1849–50ರಲ್ಲಿ ರಚಿಸಿದ 'ಓರ್ನಾನ್‌ನಲ್ಲಿ ಸಮಾಧಿ ಸಂಸ್ಕಾರ' ಎಂಬ ಚಿತ್ರವನ್ನು ಪ್ಯಾರಿಸಿನ ವಿಮರ್ಶಕರನೇಕರು ಕುರೂಪದ ಆರಾಧನೆಯೆಂದು ಹಳಿದರು. ಧರ್ಮದ ಅಪಹಾಸ್ಯವೆಂಬ ಶಂಕೆಯೂ ಅದಕ್ಕೆ ಅಂಟಿಕೊಂಡಿದೆ. ಇದೇ ಚಿತ್ರಕಾರನು 1863ರಲ್ಲಿ ಕುಡಿದು ತೂರಾಡುವ ಯಾಜಕರನ್ನು ಚಿತ್ರಿಸಿದನಾದ್ದರಿಂದ ಆ ಶಂಕೆ ನಿರಾಧಾರವಲ್ಲ. ಆದರೂ ಈ ಚಿತ್ರದ ಮಟ್ಟಿಗೆ ಅದನ್ನು ನಾವು ಒಪ್ಪಲಾರೆವು.

ಆರು ಮೀಟರಿಗೂ ಅಗಲವಾದ ಈ ಪಟದಲ್ಲಿ ಆಳೆತ್ತರದ 40ಕ್ಕೂ ಹೆಚ್ಚು ಮಂದಿ ನಿಂತಿದ್ದಾರೆ. ಅರಸರಿಗೂ ಸಂತರಿಗೂ ಮೀಸಲಾಗಿದ್ದ ಈ ಅಳತೆಯನ್ನು ಕೂರ್ಬೆ ತನ್ನ ಹುಟ್ಟೂರಿನ ಜನರಿಗೆ ಕೊಟ್ಟನು. ವಿದ್ವಾಂಸರನ್ನು ಕೆರಳಿಸಿದ್ದು ಬಹುಶಃ ಇದೇ. ಯಾಜಕನು ಗ್ರಂಥದಿಂದ ಪ್ರಾರ್ಥನೆಯನ್ನು ಓದುತ್ತಿದ್ದಾನೆ. ಕೆಂಪು ನಿಲುವಂಗಿಯ ದೇವಾಲಯ ಪರಿಚಾರಕರ ಮೂಗುಗಳೂ ಕೆಂಪು. ಗುಂಡಿ ತೋಡಿದವನು ಮೊಣಕಾಲೂರಿದ್ದಾನೆ; ನಾಯಿಯೊಂದು ಎತ್ತಲೋ ನೋಡುತ್ತಿದೆ. ಹೆಂಗಸರು ಒಂದು ಪಕ್ಕದಲ್ಲಿ ಗುಂಪಾಗಿ ಅಳುತ್ತಿದ್ದಾರೆ. ನೋಟಗಳೆಲ್ಲ ಚದುರಿಹೋಗಿವೆ, ಎತ್ತಿಹಿಡಿದ ಶಿಲುಬೆಯನ್ನು ದಿಟ್ಟಿಸುವವರೇ ಕಾಣರು.

ಇದು ಅವಿಶ್ವಾಸವೇ? ಹಳ್ಳಿಯ ಸಭೆಗಳಲ್ಲಿ ಸಮಾಧಿ ಸಂಸ್ಕಾರ ನಡೆಸಿದ ಪಾಲಕರು ಹಾಗೆನ್ನಲು ಹಿಂಜರಿಯುವರೆಂದು ನಮ್ಮ ಭಾವನೆ. ಶೋಕದಲ್ಲಿರುವ ಜನ ಏಕಾಗ್ರರಾಗಿರುವುದಿಲ್ಲ. ಬಿಸಿಲು, ಸಾಲ, ಮನೆಯ ಕೆಲಸ ಎಲ್ಲವೂ ಗುಂಡಿಯ ತನಕ ಅವರೊಡನೆ ಬರುತ್ತವೆ. ಅವರ ಮನಸ್ಸು ಅಲೆದಾಡುವಾಗಲೂ ಸಭೆ ಅವರ ಪರವಾಗಿ ಪ್ರಾರ್ಥಿಸುತ್ತಿರುತ್ತದೆ; ಆರಾಧನಾ ಕ್ರಮ ಇರುವುದೇ ಅದಕ್ಕಾಗಿ. ಕೂರ್ಬೆ ಈ ತತ್ತ್ವವನ್ನು ಉದ್ದೇಶಿಸಿದ್ದನೆಂದು ನಾವು ಹೇಳುವುದಿಲ್ಲ; ಅವನ ಪ್ರಾಮಾಣಿಕ ಕಣ್ಣು ಅದನ್ನು ದಾಖಲಿಸಿತು, ಅಷ್ಟೆ. ಭಕ್ತಿಯಿಂದ ಕರಗಿದ ಮುಖಗಳನ್ನೇ ಬರೆದಿದ್ದರೆ ಚಿತ್ರ ಹೆಚ್ಚು ಧಾರ್ಮಿಕವೆನಿಸುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು.

ಕೊರತೆಯೊಂದುಂಟು. ಎಲ್ ಗ್ರೆಕೊ 1586ರಲ್ಲಿ ಕೈಗೆತ್ತಿಕೊಂಡ ಓರ್ಗಾಸ್ ಪ್ರಭುವಿನ ಸಮಾಧಿಯ ಚಿತ್ರದಲ್ಲಿ ಮೇಲರ್ಧವೆಲ್ಲ ತೆರೆದ ಪರಲೋಕ. ಕೂರ್ಬೆಯಲ್ಲಿ ಅಲ್ಲಿರುವುದು ಬೋಳು ಬಂಡೆಗಳ ಸಾಲು, ಮಂಕಾದ ಆಕಾಶ. ಪುನರುತ್ಥಾನದ ನಿರೀಕ್ಷೆಗೆ ಈ ಚಿತ್ರ ಬಾಯಿಕೊಡುವುದಿಲ್ಲ. ಅದನ್ನು ನಾವು ಬಲವಂತವಾಗಿ ಅದರೊಳಗೆ ತುರುಕಬಾರದು. ಆದರೆ ಬಂಡೆಗಳ ಅಂಚನ್ನು ದಾಟಿ ಆಕಾಶದೊಳಕ್ಕೆ ಏರಿರುವುದು ಆ ಶಿಲುಬೆಯೊಂದೇ. ಕೆಳಗೆ, ಸಮಾಧಿಗುಂಡಿಯನ್ನು ಚೌಕಟ್ಟು ಅರ್ಧಕ್ಕೆ ಕತ್ತರಿಸಿದೆ. ಅದರ ಈಚೆಯ ದಡ ನೋಡುಗನ ಕಾಲಬುಡದಲ್ಲಿದೆ.