ಅನುಬಂಧವನ್ನು ಓದುವುದು

ಸಾಹಿತ್ಯ ವಿಮರ್ಶೆ ಬರೆಯುವವರು ಕಾನೂನಿನ ಪಠ್ಯಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಅನುವಾದಗಳನ್ನು ಓದಿ ಬೆಳೆದ ಕನ್ನಡಿಗರಿಗೆಲ್ಲ ಸಂಬಂಧಪಟ್ಟ ಒಂದು ಗದ್ಯ 1971ರಿಂದಲೂ ಇದೆ, ಅದನ್ನು ಓದಿದವರು ಮಾತ್ರ ತೀರ ಕಡಿಮೆ. ಕೃತಿಸ್ವಾಮ್ಯದ ಬರ್ನ್ ಒಪ್ಪಂದಕ್ಕೆ ಆ ವರ್ಷ ಪ್ಯಾರಿಸ್ಸಿನಲ್ಲಿ ಸೇರಿಸಿದ ‘ಅನುಬಂಧ’ ಅದು. ಆರು ವಿಧಿಗಳು, ಕೆಲವೇ ಪುಟಗಳು. ಹಿಂದುಳಿದ ದೇಶಗಳು ಒಟ್ಟಾಗಿ ನಿಂತು ಶ್ರೀಮಂತ ದೇಶಗಳಿಂದ ಪಡೆದುಕೊಂಡ ರಿಯಾಯಿತಿ ಎಂದು ಇದನ್ನು ಕರೆಯುತ್ತಾರೆ. ಒಂದು ಕೃತಿಯನ್ನು ಓದುವಂತೆಯೇ ಇದನ್ನು ಓದಬೇಕು ಅನ್ನಿಸಿದ್ದಕ್ಕೆ ಕಾರಣ ಸರಳ. ಸಂಧಾನದಲ್ಲಿ ಯಾರು ಗೆದ್ದರು ಎಂಬುದು ಸಮಾರೋಪದ ಭಾಷಣಗಳಿಗಿಂತ ಉಪವಾಕ್ಯಗಳಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಬರ್ನ್ ಒಪ್ಪಂದ ಆದದ್ದು 1886ರಲ್ಲಿ. ಬ್ರಿಟನ್ ತನ್ನ ಜೊತೆಗೆ ವಸಾಹತುಗಳನ್ನೂ ಅದರೊಳಗೆ ಎಳೆದುಕೊಂಡಿತು. ಆ ಮೂಲ ಒಪ್ಪಂದದಲ್ಲಿ ಅನುವಾದದ ಮೇಲೆ ಲೇಖಕನಿಗಿದ್ದ ಹಕ್ಕು ಹತ್ತೇ ವರ್ಷದ್ದು. ಮುಂದೆ ಅದು ಹಿಗ್ಗುತ್ತ ಹೋಗಿ, 1908ರಲ್ಲಿ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ ಚಾಚಿತು. ಹಳೆಯ ನಿಯಮವನ್ನೇ ಉಳಿಸಿಕೊಳ್ಳುತ್ತೇವೆ ಎನ್ನುವವರಿಗೆ ಅವಕಾಶವಿತ್ತು, ಜಪಾನ್ ಅದನ್ನು 1980ರವರೆಗೂ ಬಳಸಿತು. ಹತ್ತು ವರ್ಷದೊಳಗೆ ಜಪಾನಿ ಭಾಷೆಗೆ ಬಾರದ ಪುಸ್ತಕವನ್ನು ಯಾರು ಬೇಕಾದರೂ ಜಪಾನಿಗೆ ತರಬಹುದಿತ್ತು. ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು. 1891ರವರೆಗೆ ಅದು ವಿದೇಶಿ ಲೇಖಕರಿಗೆ ಕೃತಿಸ್ವಾಮ್ಯವನ್ನೇ ಕೊಡಲಿಲ್ಲ, ಬರ್ನ್ ಒಪ್ಪಂದಕ್ಕೆ ಸೇರಿದ್ದು 1989ರಲ್ಲಿ. ಡಿಕನ್ಸ್ 1842ರಲ್ಲಿ ಅಲ್ಲಿಗೆ ಹೋದಾಗ ಈ ಬಗ್ಗೆ ಗೊಣಗಿದ್ದು ಎಲ್ಲರಿಗೂ ಗೊತ್ತು. ಒಟ್ಟಿನಲ್ಲಿ, ಬೆಳೆಯುವ ಕಾಲದಲ್ಲಿ ಬೇರೆಯವರ ಪುಸ್ತಕಗಳನ್ನು ಸಲೀಸಾಗಿ ಓದಿಕೊಂಡ ದೇಶಗಳೇ ಬೆಳೆದ ಮೇಲೆ ಕಪಾಟಿಗೆ ಬೀಗ ಹಾಕಿದವು.

ಸ್ವಾತಂತ್ರ್ಯ ಬಂದಾಗ ಏಷ್ಯಾ, ಆಫ್ರಿಕಾದ ದೇಶಗಳ ಕೈಯಲ್ಲಿದ್ದದ್ದು ಈ ಬೀಗ ಹಾಕಿದ ಕಪಾಟು. ಶಾಲೆ ಕಾಲೇಜುಗಳನ್ನು ಕಟ್ಟಬೇಕು, ಪಠ್ಯಪುಸ್ತಕ ಬೇಕು, ವಿದೇಶಿ ವಿನಿಮಯ ಇಲ್ಲ. 1963ರಲ್ಲಿ ಬ್ರಾಝವಿಲ್‌ನಲ್ಲಿ ಆಫ್ರಿಕಾದ ದೇಶಗಳು ಕೂಡಿ ಈ ಮಾತೆತ್ತಿದವು. 1967ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಭಾರತ ಮುಂದೆ ನಿಂತಿತು. ಅಲ್ಲಿ ಸಿಕ್ಕ ಪ್ರೋಟೊಕಾಲ್ ಧಾರಾಳದ್ದಾಗಿತ್ತು. ಕೃತಿಸ್ವಾಮ್ಯದ ಅವಧಿಯನ್ನು ಲೇಖಕನ ಮರಣಾನಂತರದ 50 ವರ್ಷದಿಂದ 25ಕ್ಕೆ ಇಳಿಸಿಕೊಳ್ಳಬಹುದು. ಅನುವಾದಕ್ಕೆ ಸುಲಭದ ಲೈಸೆನ್ಸ್. ಬೋಧನೆ, ಅಧ್ಯಯನ, ಸಂಶೋಧನೆಗೆ ಬಿಡುಬೀಸಾದ ಬಳಕೆ. ಬ್ರಿಟನ್ನಿನ ಪ್ರಕಾಶಕರು ಹುಯಿಲೆಬ್ಬಿಸಿದರು. ಪುಸ್ತಕ ರಫ್ತು ಮಾಡುವ ದೊಡ್ಡ ದೇಶಗಳು ಸುಮ್ಮನೆ ಕೈಕಟ್ಟಿ ಕೂತವು, ಪ್ರೋಟೊಕಾಲ್ ಕಾಗದದ ಮೇಲೆಯೇ ಉಳಿಯಿತು. ಬರ್ನ್ ಒಪ್ಪಂದದಿಂದಲೇ ಹೊರನಡೆಯುವ ಮಾತು ದಕ್ಷಿಣದ ದೇಶಗಳ ನಡುವೆ ಎದ್ದಾಗ, ಎರಡೂ ಕಡೆಯವರು ಪ್ಯಾರಿಸ್ಸಿನಲ್ಲಿ ಮತ್ತೆ ಕೂತರು. ಅಲ್ಲಿ ಹುಟ್ಟಿದ್ದೇ ನಮ್ಮ ಅನುಬಂಧ.

ಈಗ ಪಠ್ಯಕ್ಕೆ ಬರೋಣ. ಕನ್ನಡಕ್ಕೆ ಅನುವಾದ ಮಾಡಬೇಕೆನ್ನುವ ಒಬ್ಬರನ್ನು ಕಣ್ಣೆದುರು ಇಟ್ಟುಕೊಂಡು ಓದಿದರೆ ಅದರ ರುಚಿ ಗೊತ್ತಾಗುತ್ತದೆ. ಪುಸ್ತಕ ಪ್ರಕಟವಾಗಿ ಮೂರು ವರ್ಷವಾದರೂ ನಮ್ಮ ಭಾಷೆಗೆ ಬಾರದಿದ್ದರೆ ಲೈಸೆನ್ಸ್ ಕೇಳಬಹುದು. ಮುಂದುವರಿದ ದೇಶಗಳಲ್ಲಿ ಬಳಕೆಯಲ್ಲಿಲ್ಲದ ಭಾಷೆಯಾದರೆ ಒಂದೇ ವರ್ಷ ಸಾಕು. ಕನ್ನಡ ಆ ಸಾಲಿಗೆ ಸೇರುತ್ತದೆ, ಇಲ್ಲಿಯವರೆಗೆ ಸುಖ. ಆದರೆ ಆ ವರ್ಷ ಮುಗಿದ ಮೇಲೆ ಇನ್ನೂ ಒಂಬತ್ತು ತಿಂಗಳು ಕಾಯಬೇಕು. ಕಾಯುವುದಕ್ಕೂ ಮೊದಲು ಹಕ್ಕುದಾರರನ್ನು ಕೇಳಿ ಇಲ್ಲ ಅನ್ನಿಸಿಕೊಂಡಿರಬೇಕು, ಇಲ್ಲವೇ ಎಷ್ಟು ಹುಡುಕಿದರೂ ಅವರು ಸಿಗಲಿಲ್ಲ ಎಂದು ತೋರಿಸಬೇಕು. ಸಿಗದಿದ್ದರೆ ಅರ್ಜಿಯ ಪ್ರತಿಗಳನ್ನು ಪ್ರಕಾಶಕರಿಗೆ ರಿಜಿಸ್ಟರ್ಡ್ ಏರ್‌ಮೇಲ್‌ನಲ್ಲೇ ಕಳಿಸಬೇಕು. ಅಂತರರಾಷ್ಟ್ರೀಯ ಒಪ್ಪಂದವೊಂದು ಅಂಚೆಯ ಬಗೆಯನ್ನೂ ನಿಗದಿ ಮಾಡುವುದನ್ನು ಕಂಡಾಗ ನನಗೆ ನಮ್ಮ ತಾಲ್ಲೂಕು ಕಚೇರಿಗಳ ನೆನಪಾಯಿತು. ಆ ಒಂಬತ್ತು ತಿಂಗಳಲ್ಲಿ ಹಕ್ಕುದಾರರು ತಾವೇ ಒಂದು ಕನ್ನಡ ಅನುವಾದ ತಂದರೆ ಅರ್ಜಿ ಬಿದ್ದುಹೋಗುತ್ತದೆ. ಲೈಸೆನ್ಸ್ ಸಿಕ್ಕಿ ಪುಸ್ತಕ ಅಚ್ಚಾದ ಮೇಲೆ, ಅವರು ಅಂಥದ್ದೇ ಅನುವಾದವನ್ನು ಇಲ್ಲಿಯ ಮಾಮೂಲಿ ಬೆಲೆಗೆ ತಂದರೂ ಲೈಸೆನ್ಸ್ ರದ್ದು. ಆಗಲೇ ಅಚ್ಚಾದ ಪ್ರತಿಗಳನ್ನು ಮಾತ್ರ ಮಾರಿ ಮುಗಿಸಬಹುದು. ಇಂಥ ಜಾಗದಲ್ಲಿ ದುಡ್ಡು ಹಾಕುವ ಪ್ರಕಾಶಕ ಎಲ್ಲಿದ್ದಾನೆ?

ಇಷ್ಟೆಲ್ಲ ಆಗಿಯೂ ಅನುವಾದ ಬೋಧನೆಗೆ, ವಿದ್ವತ್ತಿಗೆ, ಸಂಶೋಧನೆಗೆ ಮಾತ್ರ. ಕಾದಂಬರಿಯನ್ನು ಕಾದಂಬರಿಯಾಗಿ ಓದುವವರಿಗೆ ಇಲ್ಲಿ ಜಾಗವಿಲ್ಲ. ಮೂಲವನ್ನೇ ಮರುಮುದ್ರಣ ಮಾಡುವ ವಿಧಿಯಲ್ಲಿ ಕಾಯುವ ಕಾಲ ವಿಜ್ಞಾನ, ಗಣಿತ, ತಂತ್ರಜ್ಞಾನಕ್ಕೆ ಮೂರು ವರ್ಷ, ಉಳಿದವಕ್ಕೆ ಸಾಮಾನ್ಯವಾಗಿ ಐದು, ಕಥೆ, ಕವಿತೆ, ನಾಟಕಕ್ಕೆ ಏಳು. ಬಡ ದೇಶಕ್ಕೆ ಭೌತಶಾಸ್ತ್ರ ಬೇಗ ಬೇಕು, ಕವಿತೆ ನಿಧಾನವಾಗಿ ಬಂದರೂ ನಡೆದೀತು ಎಂಬ ಲೆಕ್ಕಾಚಾರ ಯಾರದ್ದು ಎಂದು ಕೇಳಬೇಕೆನ್ನಿಸುತ್ತದೆ. ಅದನ್ನು ನಮ್ಮವರೂ ಒಪ್ಪಿ ಸಹಿ ಹಾಕಿದ್ದಾರೆ.

ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ರಫ್ತಿನ ಉಪವಿಧಿ. ಲೈಸೆನ್ಸ್ ಪಡೆದ ಪ್ರತಿಗಳು ದೇಶ ಬಿಟ್ಟು ಹೋಗುವಂತಿಲ್ಲ, ಹಾಗೆಂದು ಪುಸ್ತಕದ ಮೇಲೆಯೇ ಅಚ್ಚು ಹಾಕಬೇಕು. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯ ಅನುವಾದವಾದರೆ ಒಂದು ಸಣ್ಣ ಕಿಂಡಿಯಿದೆ. ಸರ್ಕಾರವೋ ಸಾರ್ವಜನಿಕ ಸಂಸ್ಥೆಯೋ ಅವುಗಳನ್ನು ಹೊರದೇಶದಲ್ಲಿರುವ ನಮ್ಮ ಪ್ರಜೆಗಳಿಗೆ ಅಥವಾ ಅವರ ಸಂಘಗಳಿಗೆ ಲಾಭವಿಲ್ಲದೆ ಕಳಿಸಬಹುದು, ಆ ದೇಶ ಒಪ್ಪಿದ್ದರೆ. ಅಂದರೆ ನ್ಯೂಜೆರ್ಸಿಯಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಕನ್ನಡಿಗ ಆ ಪುಸ್ತಕ ಪಡೆಯಬಹುದು, ಪಕ್ಕದ ಮನೆಯಲ್ಲಿ ಅಮೆರಿಕದ ಪೌರತ್ವ ಪಡೆದ ಅವನ ಅಣ್ಣ ಲೆಕ್ಕಕ್ಕೆ ಬರುವುದಿಲ್ಲ. ಭಾಷೆ ಎಂದರೆ ಪಾಸ್‌ಪೋರ್ಟ್ ಎಂದುಕೊಂಡವರು ಬರೆದ ಸಾಲು ಇದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ಇಲ್ಲಿ ವರದ ಒಕ್ಕಣೆಯನ್ನೇ ಪೂಜಾರಿ ಬರೆದಿದ್ದಾನೆ. ಅನುಬಂಧವನ್ನು ಬಳಸಿದವರು ಜಗತ್ತಿನಲ್ಲೇ ವಿರಳ ಎಂಬುದರಲ್ಲಿ ಆಶ್ಚರ್ಯವಿಲ್ಲ. ಭಾರತ 1983ರ ತಿದ್ದುಪಡಿಯಲ್ಲಿ ಇದನ್ನು ತನ್ನ ಕಾಯ್ದೆಯ 32ನೇ ಕಲಮಿಗೆ ಸೇರಿಸಿಕೊಂಡಿತು. ಆ ಕಲಮಿನಲ್ಲಿ 1957ರಿಂದಲೂ ಇದಕ್ಕಿಂತ ಉದಾರವಾದ ಇನ್ನೊಂದು ದಾರಿ ಇದೆ: ಪ್ರಕಟವಾಗಿ ಏಳು ವರ್ಷವಾದ ಕೃತಿಯ ಅನುವಾದಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು, ಬೋಧನೆಯ ಷರತ್ತೂ ಇಲ್ಲ. ನನಗೆ ಪರಿಚಯವಿರುವ ಕನ್ನಡ ಅನುವಾದಕರಲ್ಲಿ ಯಾರೂ ಈ ಎರಡರಲ್ಲಿ ಯಾವ ದಾರಿಯನ್ನೂ ತುಳಿದವರಲ್ಲ. ಅವರು ವಿದೇಶಿ ಏಜೆಂಟರಿಗೆ ಈಮೇಲ್ ಬರೆದು ಉತ್ತರಕ್ಕೆ ಕಾಯುತ್ತಾರೆ, ಇಲ್ಲವೇ ಕೃತಿಸ್ವಾಮ್ಯ ಮುಗಿದ ಹಳೆಯ ಕೃತಿಗಳ ಕಡೆ ಹೊರಳುತ್ತಾರೆ.

ಲೇಖಕರ ಹಕ್ಕಿನ ಪ್ರಶ್ನೆಯನ್ನು ನಾನು ಹಗುರಾಗಿ ನೋಡುತ್ತಿಲ್ಲ. ಕನ್ನಡದ ಕಥೆಯೊಂದನ್ನು ಹೇಳದೆ ಕೇಳದೆ ಬೇರೆ ಭಾಷೆಗೆ ತಂದರೆ ನಾವೂ ಸಿಟ್ಟಾಗುತ್ತೇವೆ, ಆಗಬೇಕು ಕೂಡ. ಅನುಬಂಧ ಸಂಭಾವನೆಯನ್ನು ತಪ್ಪಿಸುವುದೂ ಇಲ್ಲ. ನ್ಯಾಯವಾದ ಸಂಭಾವನೆ ಕೊಡಬೇಕು, ಬೇರೆ ದೇಶದಲ್ಲಿ ನಡೆಯುವ ಹಣದಲ್ಲಿ ತಲುಪಿಸಬೇಕು ಎನ್ನುತ್ತದೆ. ಜಗಳ ಇದ್ದದ್ದು ಇಲ್ಲ ಎನ್ನುವ ಅಧಿಕಾರ ಯಾರ ಕೈಯಲ್ಲಿ, ಎಷ್ಟು ಕಾಲ ಎಂಬುದರ ಬಗ್ಗೆ.

ಹಾಗಾದರೆ ಒಗ್ಗಟ್ಟಿನಿಂದ ಏನೂ ಆಗಲಿಲ್ಲವೇ? 2013ರಲ್ಲಿ ಮರಾಕೆಶ್‌ನಲ್ಲಿ ಆದ ಒಪ್ಪಂದವನ್ನು ಅನುಬಂಧದ ಪಕ್ಕದಲ್ಲಿಟ್ಟು ಓದಿದರೆ ಬೇರೆ ಚಿತ್ರ ಸಿಗುತ್ತದೆ. ಕಣ್ಣು ಕಾಣದವರಿಗೆ ಬ್ರೈಲ್, ದೊಡ್ಡಕ್ಷರ, ಧ್ವನಿಪುಸ್ತಕಗಳನ್ನು ಅನುಮತಿಯಿಲ್ಲದೆ ಮಾಡಲು, ಗಡಿ ದಾಟಿಸಿ ಹಂಚಿಕೊಳ್ಳಲು ಅವಕಾಶ ಕೊಡುವ ಒಪ್ಪಂದ. ವಿಶ್ವ ಅಂಧರ ಒಕ್ಕೂಟ ಸಿದ್ಧಪಡಿಸಿದ ಕರಡನ್ನು 2009ರಲ್ಲಿ ಬ್ರೆಜಿಲ್, ಈಕ್ವೆಡಾರ್, ಪರಾಗ್ವೆ ಜಿನೀವಾದ ವೈಪೋದಲ್ಲಿ ಮಂಡಿಸಿದವು. ಅಮೆರಿಕ, ಯುರೋಪು ಕಟ್ಟುಪಾಡಿಲ್ಲದ ಶಿಫಾರಸು ಸಾಕು ಎಂದವು, ನಾಲ್ಕು ವರ್ಷ ಜಗ್ಗಾಡಿದ ಮೇಲೆ ಒಪ್ಪಂದವೇ ಆಯಿತು. 2014ರ ಜೂನ್ 24ರಂದು ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಈ ಪಠ್ಯದಲ್ಲಿ ಏರ್‌ಮೇಲ್ ಇಲ್ಲ, ಒಂಬತ್ತು ತಿಂಗಳ ಕಾಯುವಿಕೆಯೂ ಇಲ್ಲ. ಕರಡು ಬರೆಯಲು ಕೂತವರಲ್ಲಿ ಆ ಪುಸ್ತಕಗಳನ್ನು ಮುಂದೆ ಓದಬೇಕಾದವರೇ ಇದ್ದರು, ಅದರ ಗುರುತು ವಾಕ್ಯಗಳಲ್ಲಿ ಕಾಣುತ್ತದೆ. ಪ್ಯಾರಿಸ್ಸಿನಲ್ಲಿ ನಮ್ಮ ಪರವಾಗಿ ಕೂತವರು ಸರ್ಕಾರಗಳ ಪ್ರತಿನಿಧಿಗಳು. ಅನುವಾದಕ ಎಂಬ ಪ್ರಾಣಿ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಯಾರನ್ನಾದರೂ ಕೇಳಿದ್ದರೇ ಎಂಬ ಅನುಮಾನ ಆ ಉಪವಿಧಿಗಳನ್ನು ಓದುವಾಗ ನನ್ನನ್ನು ಬಿಡಲಿಲ್ಲ.

ಅಂತರರಾಷ್ಟ್ರೀಯ ಪಠ್ಯ ಕೈಕೊಟ್ಟ ಕಡೆ ನಮ್ಮ ಕೋರ್ಟುಗಳು ನಮ್ಮದೇ ಕಾಯ್ದೆಯ ಸಾಲೊಂದನ್ನು ಹಿಡಿದು ದಾರಿ ಮಾಡಿದ್ದೂ ಇದೆ. ದೆಹಲಿ ವಿಶ್ವವಿದ್ಯಾಲಯದ ಅಂಗಳದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ 2012ರಲ್ಲಿ ಹೂಡಿದ ದಾವೆ 2016ರ ಸೆಪ್ಟೆಂಬರಿನಲ್ಲಿ ಬಿದ್ದುಹೋಯಿತು. ಪಾಠದ ಸಲುವಾಗಿ ಮಾಡಿದ ಪ್ರತಿಗೆ 52ನೇ ಕಲಮಿನ ವಿನಾಯಿತಿ ಇದೆ ಎಂದು ಹೈಕೋರ್ಟ್ ಹೇಳಿತು. 1967ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕೇಳಿ ಕಳೆದುಕೊಂಡದ್ದರ ಒಂದು ತುಣುಕು ಹೀಗೆ ಹಿಂಬಾಗಿಲಿನಿಂದ ಬಂತು.

ಮರಾಕೆಶ್ ಗೆಲುವಿಗೂ ಒಂದು ಬೆಲೆ ತೆತ್ತಾಗಿದೆ, ಅದರ ಬಗ್ಗೆ ಮಾತು ಕಡಿಮೆ. 2010ರಲ್ಲಿ ಆಫ್ರಿಕಾದ ದೇಶಗಳ ಗುಂಪು ಇಟ್ಟ ಕರಡಿನಲ್ಲಿ ಅಂಗವಿಕಲರ ಜೊತೆಗೆ ಶಾಲೆ, ಸಂಶೋಧನಾ ಸಂಸ್ಥೆ, ಗ್ರಂಥಾಲಯ, ದಾಖಲೆಗಾರಗಳೂ ಇದ್ದವು. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಸಿಗದು ಎಂದು ಒಂದನ್ನು ಮುಂದೆ ಬಿಟ್ಟು ಉಳಿದವನ್ನು ಹಿಂದಿಟ್ಟರು. ತಂತ್ರವಾಗಿ ಅದು ಸರಿಯೇ ಇರಬಹುದು. ಕಾಣದವರಿಗೆ ಪುಸ್ತಕ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಶಾಲೆಗೆ ಬೇಡ ಎನ್ನುವ ಧೈರ್ಯ ಬೇಕಾದಷ್ಟು ಜನರಿಗಿತ್ತು. ಹಿಂದಿಟ್ಟ ಆ ಭಾಗ ಇಂದಿಗೂ ಜಿನೀವಾದ ಸಮಿತಿಯ ಕಾರ್ಯಸೂಚಿಯಲ್ಲೇ ಇದೆ. ಆ ಬಗ್ಗೆ ಸಭೆಗಳು ನಡೆಯುತ್ತಿವೆ, ವರದಿಗಳು ಬರುತ್ತಿವೆ.